ಎನ್‌ಸಿಸಿಯೋ, ಎನ್‌ಎಸ್‌ಎಸ್ಸೋ, ನಾಟಕವೋ? ಈಗಷ್ಟೇ ಡಿಗ್ರಿ ಸೇರಿದವರಿಗೆ

ಅಡ್ಮಿಷನ್ ಮುಗಿದ ಮೊದಲ ಎರಡು ವಾರ ನಮ್ಮ ಕಾಲೇಜಿನ ನೋಟಿಸ್ ಬೋರ್ಡ್ ಮುಂದೆ ಜಾತ್ರೆ ಇರುತ್ತದೆ. ಸೇನೆಯ ಶಿಸ್ತು ಕಲಿಸುವ ಎನ್‌ಸಿಸಿಗೆ ಆಯ್ಕೆ, ಸಮಾಜಸೇವೆಯ ಎನ್‌ಎಸ್‌ಎಸ್‌ಗೆ ನೋಂದಣಿ, ನಾಟಕ ತಂಡಕ್ಕೆ ಆಸಕ್ತರು ಬೇಕಾಗಿದ್ದಾರೆ, ಖೋ-ಖೋ ಟ್ರಯಲ್ಸ್, ರಕ್ತದಾನ ಶಿಬಿರ, ಯುವ ಸಂಭ್ರಮಕ್ಕೆ ಡ್ಯಾನ್ಸ್ ತಂಡ. ಒಂದು ಚೀಟಿಯ ಮೇಲೆ ಇನ್ನೊಂದು. ಎಲ್ಲದರ ಫೋಟೊ ಹೊಡೆದುಕೊಂಡು ಮಕ್ಕಳು ಸ್ಟಾಫ್ ರೂಮಿಗೆ ಬರುತ್ತಾರೆ. "ಮೇಡಂ, ಎಲ್ಲಾನೂ ಚೆನ್ನಾಗಿದೆ ಅನ್ಸುತ್ತೆ. ಯಾವುದಕ್ಕೆ ಸೇರ್ಲಿ?"

ನಾನು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆರು ವರ್ಷ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯಾಗಿದ್ದೆ. ನಾನು ಓದುವಾಗ ನಾಟಕದ ತಂಡದಲ್ಲಿದ್ದೆ. ಹಾಗಾಗಿ ಈ ಎರಡರ ಕಡೆಗೆ ನನ್ನ ಮನಸ್ಸು ಸ್ವಲ್ಪ ವಾಲುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವಾಗ ನೆನಪಿಟ್ಟುಕೊಳ್ಳಿ.

ಇಷ್ಟು ವರ್ಷದಲ್ಲಿ ಒಂದು ವಿಷಯ ಮಾತ್ರ ಮತ್ತೆ ಮತ್ತೆ ಕಂಡಿದ್ದೇನೆ. ದೆಹಲಿ ಪರೇಡಿನ ವಿಡಿಯೊ ನೋಡಿ ಎನ್‌ಸಿಸಿ ಸೇರಿದವರು, ಯುವಜನೋತ್ಸವದ ಚಪ್ಪಾಳೆ ಕೇಳಿ ನಾಟಕಕ್ಕೆ ಬಂದವರು, ಮೂರನೇ ವಾರಕ್ಕೆ ಮೆಲ್ಲಗೆ ಬಿಟ್ಟುಬಿಡುತ್ತಾರೆ. ಅವರಲ್ಲಿ ಸಾಮರ್ಥ್ಯ ಇರಲಿಲ್ಲ ಅಂತಲ್ಲ. ಅವರು ಸೇರಿದ್ದು ವರ್ಷಕ್ಕೊಮ್ಮೆ ಬರುವ ದಿನವನ್ನು ನೋಡಿ. ಉಳಿದ ದಿನಗಳಲ್ಲಿ ಅಲ್ಲಿ ಏನು ಕೆಲಸ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಒಂದು ಮಾಮೂಲಿ ಮಂಗಳವಾರ ಸಂಜೆ ನಾಲ್ಕಕ್ಕೆ ಅಲ್ಲಿ ಏನು ನಡೆಯುತ್ತದೆ? ಅದು ನಿಮಗೆ ಇಷ್ಟವಾಗುತ್ತದಾ? ಇಡೀ ಲೆಕ್ಕಾಚಾರ ಇಲ್ಲಿಂದ ಶುರುವಾಗಬೇಕು ಅನ್ನೋದು ನನ್ನ ಅಭಿಪ್ರಾಯ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮೊದಲು ಬಸ್ಸು. ನಗುವ ವಿಷಯ ಅಲ್ಲ ಇದು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ. ನಿಮ್ಮೂರಿಗೆ ಕೊನೆ ಬಸ್ಸು ಐದೂವರೆಗೆ ಹೊರಡುವುದಾದರೆ, ಏಳರವರೆಗೆ ನಡೆಯುವ ರಿಹರ್ಸಲ್ ನಿಮಗೆ ಆಗುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಚಾರ್ಜು ಉಳಿಯಿತು. ಭಾನುವಾರ ಪರೇಡಿಗೆ ಬರೋದು, ರಜೆಯಲ್ಲಿ ಪ್ರಾಕ್ಟೀಸಿಗೆ ಬರೋದು ಸುಲಭವಾಯಿತು. ಆದರೆ ಟೈಮಿಂಗ್ ಬದಲಾಗಿಲ್ಲ. ಬಸ್ಸಿನ ವೇಳೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಆಮೇಲೆ ಮುಂದಿನದನ್ನು ಯೋಚಿಸಿ.

ಎರಡನೆಯದು ದುಡ್ಡು. ಸೇರುವಾಗ ಕಟ್ಟುವ ಶುಲ್ಕ ಬಹಳ ಕಡೆ ಹೆಚ್ಚಿರುವುದಿಲ್ಲ. ಆಮೇಲೆ ಬರುವ ಸಣ್ಣ ಸಣ್ಣ ಖರ್ಚುಗಳೇ ಜಾಸ್ತಿ. ಬಾಡಿಗೆ ಬಟ್ಟೆ, ಶೂ, ಸಂಜೆಯ ತಿಂಡಿ, ಸ್ಪರ್ಧೆಗೆ ಹೋದಾಗ ಆಟೊ. ಇವನ್ನು ಯಾರೂ ನೋಟಿಸಿನಲ್ಲಿ ಬರೆಯುವುದಿಲ್ಲ.

ಮೂರನೆಯದು, ರಾತ್ರಿ ಹೊರಗೆ ಉಳಿಯಬೇಕಾ? ಕ್ಯಾಂಪು, ಹೊರ ಊರಿನ ಸ್ಪರ್ಧೆ ಅಂದರೆ ಉಳಿಯಲೇಬೇಕು. ಮನೆಯಲ್ಲಿ ಒಪ್ಪುತ್ತಾರಾ ಅಂತ ಸೇರುವ ಮೊದಲೇ ಕೇಳಿ. ಕ್ಯಾಂಪಿನ ಹಿಂದಿನ ದಿನ "ಅಪ್ಪ ಬೇಡ ಅಂದ್ರು ಮೇಡಂ" ಅಂತ ಅಳುತ್ತಾ ನಿಂತ ಹುಡುಗಿಯರನ್ನು ನೋಡಿದ್ದೇನೆ. ಮೊದಲೇ ಗೊತ್ತಿದ್ದಿದ್ದರೆ ನಾವೇ ಮನೆಗೆ ಫೋನ್ ಮಾಡಿ ಮಾತಾಡುತ್ತಿದ್ದೆವು. ಬಹಳ ಸಲ ಒಂದು ಫೋನಿಗೆ ಒಪ್ಪುತ್ತಾರೆ.

ನಾಲ್ಕನೆಯದು ಪಾಠ. ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ನೂರಕ್ಕೆ 75ರಷ್ಟು ಹಾಜರಾತಿ ಬೇಕು. ವಿಶ್ವವಿದ್ಯಾನಿಲಯದ ಪರವಾಗಿ ಹೋದ ದಿನಗಳಿಗೆ 'ಆನ್ ಡ್ಯೂಟಿ' ಅಂತ ಹಾಜರಾತಿ ಕೊಡುತ್ತಾರೆ. ರಿಹರ್ಸಲ್‌ಗೆ ಅಂತ ಬಿಟ್ಟ ಕ್ಲಾಸಿಗೆ ಕೊಡುವುದಿಲ್ಲ. ಸೈನ್ಸ್ ಓದುವವರಿಗೆ ಮಧ್ಯಾಹ್ನ ಲ್ಯಾಬ್ ಇರುತ್ತದೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಕೊನೆಯದು, ಮುಗಿದ ಮೇಲೆ ಕೈಗೆ ಸಿಗುವ ಕಾಗದ. ಕೆಲವು ಸರ್ಟಿಫಿಕೇಟ್‌ಗಳಿಗೆ ಮುಂದೆ ನಿಜವಾದ ಬೆಲೆ ಇದೆ. ಕೆಲವನ್ನು ಫೈಲಿನಲ್ಲಿ ಇಟ್ಟುಕೊಳ್ಳಬಹುದು, ಅಷ್ಟೇ. ಎಂಜಿನಿಯರಿಂಗ್ ಓದುವವರ ಲೆಕ್ಕ ಬೇರೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಮಂಡಳಿ ಎಐಸಿಟಿಇಯ ನಿಯಮದಂತೆ ನಾಲ್ಕು ವರ್ಷದಲ್ಲಿ 100 ಆಕ್ಟಿವಿಟಿ ಪಾಯಿಂಟ್ ಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಡಿಗ್ರಿಯವರು ತಮ್ಮ ಕೋರ್ಸಿನಲ್ಲಿ ಈ ಚಟುವಟಿಕೆಗಳಿಗೆ ಕ್ರೆಡಿಟ್ ಇದೆಯಾ ಅಂತ ಆಫೀಸಿನಲ್ಲಿ ಒಮ್ಮೆ ಕೇಳಿ. ಸಿಲಬಸ್ ಬದಲಾದಂತೆಲ್ಲ ಇದೂ ಬದಲಾಗುತ್ತದೆ.

ಎನ್‌ಸಿಸಿ: ಸರ್ಟಿಫಿಕೇಟಿಗೆ ಬೆಲೆ ಹೆಚ್ಚು, ಬಿಗಿಯೂ ಹೆಚ್ಚು

1948ರಲ್ಲಿ ಶುರುವಾದದ್ದು. ಡಿಗ್ರಿಯಲ್ಲಿ ಹುಡುಗರಿಗೆ ಸೀನಿಯರ್ ಡಿವಿಷನ್, ಹುಡುಗಿಯರಿಗೆ ಸೀನಿಯರ್ ವಿಂಗ್. ಸೀಟು ಕಡಿಮೆ. ಓಟ, ಎತ್ತರ, ಆರೋಗ್ಯ ನೋಡಿ ಆರಿಸುತ್ತಾರೆ. ಮೊದಲ ವರ್ಷವೇ ಸೇರಬೇಕು. ಎರಡನೇ ವರ್ಷಕ್ಕೆ ಬಂದು "ಈಗ ಸೇರ್ತೀನಿ" ಅಂದರೆ ಎನ್‌ಸಿಸಿಯ ಕೊನೆಯ ಹಂತದ ಸಿ ಸರ್ಟಿಫಿಕೇಟ್ ಕೈಗೆಟುಕುವುದು ಕಷ್ಟ. ಯಾಕೆಂದರೆ ಬಿ ಸರ್ಟಿಫಿಕೇಟ್ ಪರೀಕ್ಷೆ ಎರಡನೇ ವರ್ಷಕ್ಕೆ, ಸಿ ಪರೀಕ್ಷೆ ಮೂರನೇ ವರ್ಷಕ್ಕೆ ಬರುತ್ತದೆ. ಈ ಪರೀಕ್ಷೆಗಳಿಗೆ ಕೂರಲು ಪರೇಡಿನಲ್ಲೂ ನೂರಕ್ಕೆ 75 ಹಾಜರಾತಿ ಬೇಕು, ಕ್ಯಾಂಪ್ ಮುಗಿಸಿರಬೇಕು.

ಸೇನೆಗೆ ಹೋಗಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಲೇಜಿನೊಳಗೆ ಇನ್ನೊಂದಿಲ್ಲ. ಸಿ ಸರ್ಟಿಫಿಕೇಟಿನಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ ನೂರಕ್ಕೆ 50 ಅಂಕ ಇದ್ದರೆ ಸೇನೆಯಲ್ಲಿ ಅಧಿಕಾರಿಯಾಗಲು ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ ಇರುವುದಿಲ್ಲ. ಅರ್ಜಿ ಶಾರ್ಟ್‌ಲಿಸ್ಟ್ ಆದರೆ ನೇರ ಸೇನೆಯ ಆಯ್ಕೆ ಮಂಡಳಿ ಎಸ್‌ಎಸ್‌ಬಿಯ ಸಂದರ್ಶನ. ಆಯ್ಕೆಯಾದರೆ ಚೆನ್ನೈನ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿ. ಹುಡುಗಿಯರಿಗೂ ಇದು ಇದೆ. ವಯಸ್ಸು 19ರಿಂದ 25ರ ಒಳಗಿರಬೇಕು. ನಮ್ಮ ಹಳ್ಳಿ ಮಕ್ಕಳಿಗೆ ಲಿಖಿತ ಪರೀಕ್ಷೆಯ ಕೋಚಿಂಗಿಗೆ ದುಡ್ಡು ಹಾಕುವ ಶಕ್ತಿ ಇರುವುದಿಲ್ಲ. ಅಂಥವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ.

ಇನ್ನು ಮಾಮೂಲಿ ದಿನ. ಬೆಳಗ್ಗೆ ಬೇಗ ಮೈದಾನಕ್ಕೆ ಬರಬೇಕು. ಸಾವಧಾನ್, ವಿಶ್ರಾಮ್, ಮತ್ತೆ ಸಾವಧಾನ್. ಒಂದೇ ತಿರುವನ್ನು ಮೂವತ್ತು ಸಲ ತಿರುಗಬೇಕು. ಮುಂದಿರುವವನ ತಪ್ಪಿಗೆ ಇಡೀ ಸಾಲು ಓಡಬೇಕು. ನಮ್ಮ ಹಾಸ್ಟೆಲ್ಲಿನ ಒಬ್ಬ ಹುಡುಗ ಪರೇಡಿನ ಹಿಂದಿನ ರಾತ್ರಿ ಜಗಲಿಯಲ್ಲಿ ಕೂತು ಬೂಟು ತಿಕ್ಕುವುದನ್ನು ನೋಡಿದ್ದೇನೆ. ಹತ್ತಿಗೆ ಪಾಲಿಶ್ ಹಚ್ಚಿ, ಮೇಲೊಂದು ಹನಿ ನೀರು ಬಿಟ್ಟು, ಬೂಟಿನ ಮೂತಿಯ ಮೇಲೆ ಸಣ್ಣ ಸಣ್ಣ ಸುತ್ತು. ಮುಕ್ಕಾಲು ಗಂಟೆ ಅದೇ ಕೆಲಸ. ಕೊನೆಗೆ ಟ್ಯೂಬ್‌ಲೈಟು ಅದರಲ್ಲಿ ಕಾಣುತ್ತಿತ್ತು. "ಬೇಜಾರಾಗಲ್ವೇನೋ?" ಅಂತ ಕೇಳಿದೆ. "ಇಲ್ಲ ಮೇಡಂ, ತಲೆ ಖಾಲಿ ಆಗುತ್ತೆ" ಅಂದ. ಇದನ್ನು ಓದುವಾಗ ನಿಮಗೂ ಹಾಗೇ ಅನ್ನಿಸಿದರೆ ಎನ್‌ಸಿಸಿ ನಿಮಗೆ ಒಗ್ಗುತ್ತದೆ. ಯಾರಾದರೂ ಕೂಗಿ ಹೇಳಿದರೆ ಮನಸ್ಸು ಮುದುಡುವವರಿಗೆ ಮೊದಲ ಎರಡು ತಿಂಗಳು ಕಷ್ಟ. ಅದನ್ನು ದಾಟಿದವರು ಬಹಳ ಗಟ್ಟಿಯಾಗುತ್ತಾರೆ ಅನ್ನೋದೂ ನಿಜ.

ಖರ್ಚು ಕಡಿಮೆ. ಸಮವಸ್ತ್ರ ಸರ್ಕಾರದ್ದು, ಪರೇಡಿನ ದಿನ ತಿಂಡಿಯೂ ಅವರದ್ದೇ. ಅಳತೆ ಸರಿಯಾಗದೆ ಕೆಲವರು ಬೂಟು, ಪ್ಯಾಂಟು ತಾವೇ ಮಾಡಿಸಿಕೊಳ್ಳುತ್ತಾರೆ. ಅಡ್ಡಿಯಾಗುವುದು ಕ್ಯಾಂಪು. ಸುಮಾರು ಹತ್ತು ದಿನ ಊರು ಬಿಟ್ಟಿರಬೇಕು. ಅದು ಕೆಲವು ಸಲ ಇಂಟರ್ನಲ್ಸ್ ಮೇಲೇ ಬಂದು ಕೂರುತ್ತದೆ. ನಿಮ್ಮ ಎನ್‌ಸಿಸಿ ಆಫೀಸರ್ ವಿಭಾಗದ ಮುಖ್ಯಸ್ಥರ ಜೊತೆ ಮಾತಾಡಿ ಮರು ಟೆಸ್ಟ್ ಮಾಡಿಸುತ್ತಾರಾ ಅಂತ ಸೀನಿಯರ್‌ಗಳನ್ನು ಕೇಳಿ.

ಎನ್‌ಎಸ್‌ಎಸ್: ಯಾರು ಬೇಕಾದರೂ ಸೇರಬಹುದು, ಆದರೆ ವಿಚಾರಿಸಿ ಸೇರಿ

1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾನಿಲಯಗಳಲ್ಲಿ ಶುರುವಾಯಿತು. ಇದರ ಬ್ಯಾಡ್ಜಿನಲ್ಲಿ ಕೊನಾರ್ಕದ ರಥದ ಚಕ್ರ ಇದೆ. ಎಂಟು ಕಡ್ಡಿ ಅಂದರೆ ಎಂಟು ಜಾವ, ದಿನವಿಡೀ ಸೇವೆಗೆ ಸಿದ್ಧ ಅಂತ ಅರ್ಥ. ಎರಡು ವರ್ಷಕ್ಕೆ 240 ಗಂಟೆ ಕೆಲಸ, ವರ್ಷಕ್ಕೆ 120. ಜೊತೆಗೆ ಏಳು ದಿನದ ವಿಶೇಷ ಶಿಬಿರ. ಇಷ್ಟನ್ನೂ ಮುಗಿಸಿದರೆ ಸರ್ಟಿಫಿಕೇಟ್. ಎತ್ತರ, ತೂಕ, ಓಟ ಯಾವುದೂ ಬೇಡ. ಕನ್ನಡಕ ಇದ್ದರೂ ಸರಿ, ಕಾಲು ಊನವಾಗಿದ್ದರೂ ಸರಿ.

120 ಗಂಟೆ ಅಂದರೆ ಹೆದರಬೇಡಿ. ವಾರಕ್ಕೆ ಮೂರು ಗಂಟೆಯೂ ಆಗುವುದಿಲ್ಲ. ಶನಿವಾರ ಕ್ಲಾಸ್ ಮುಗಿದ ಮೇಲೆ ಕ್ಯಾಂಪಸ್ಸಿನಲ್ಲಿ ಗಿಡ ನೆಡೋದು, ಮತದಾರರ ಪಟ್ಟಿಯ ಜಾಗೃತಿ, ಆರೋಗ್ಯ ಶಿಬಿರದಲ್ಲಿ ಸಾಲು ನೋಡಿಕೊಳ್ಳೋದು. ಕೊನೆ ಬಸ್ಸಿನವರಿಗೂ ಆಗುತ್ತದೆ.

ಶಿಬಿರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾವುದೋ ಹಳ್ಳಿಯ ಶಾಲೆಯಲ್ಲಿ ಏಳು ದಿನ ವಾಸ. ತಟ್ಟೆ, ಲೋಟ, ಬೆಡ್‌ಶೀಟು ನಿಮ್ಮದು. ಐದೂವರೆಗೆ ಎದ್ದು, ಹಾಡು ಹೇಳುತ್ತಾ ಬೀದಿ ಸುತ್ತಿ, ಕಾಫಿ ಕುಡಿದು ಶ್ರಮದಾನ. ಚರಂಡಿ, ಕಲ್ಯಾಣಿ, ಶಾಲೆಯ ಅಂಗಳ. ಮಧ್ಯಾಹ್ನ ಮುದ್ದೆ, ಬಸ್ಸಾರು. ಆಮೇಲೆ ಉಪನ್ಯಾಸ, ಮನೆ ಮನೆ ಸರ್ವೆ, ರಾತ್ರಿ ಊರವರ ಮುಂದೆ ಹಾಡು, ಕಿರುನಾಟಕ.

ಒಂದು ವರ್ಷ ಸರ್ವೆಗೆ ಹೋದಾಗ ಬಿಕಾಂ ಓದುವ ಒಬ್ಬಳ ಜೊತೆ ನಾನೂ ಇದ್ದೆ. ಮೈಸೂರು ಪೇಟೆಯ ಹುಡುಗಿ, ಮಾತು ಕಡಿಮೆ. ಒಂದು ಮನೆಯ ಅಜ್ಜಿ ಗೋಡೆಯ ಗೂಡಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿನಿಂದ ಇನ್ನೊಂದು ಕವರ್ ತೆಗೆದು, ನಾಲ್ಕು ಮಡಿಕೆಯ ಕಾಗದ ಕೊಟ್ಟರು. "ಇದೇನ್ ಬರ್ದವ್ರೆ, ವಸಿ ಓದೇಳವ್ವ." ಸಂಧ್ಯಾ ಸುರಕ್ಷಾ ಪಿಂಚಣಿಯ ಕಾಗದ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ ಅಂತ ಬರೆದಿತ್ತು. ಬಂದು ಎಂಟು ತಿಂಗಳಾಗಿತ್ತು. ಆ ಹುಡುಗಿ ನಿಧಾನವಾಗಿ ಓದಿ, ಮತ್ತೆ ಓದಿ, ಕೊನೆಗೆ ಮಾರನೇ ದಿನ ಅಜ್ಜಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋದಳು. ಅವಳು ವಾಪಸ್ ಬಂದಾಗ ಮುಖ ನೋಡಬೇಕಿತ್ತು. ಕ್ಲಾಸಿನಲ್ಲಿ ಒಂದು ಪ್ರಶ್ನೆಗೂ ಬಾಯಿ ಬಿಡದವಳು ಅವತ್ತು ರಾತ್ರಿ ಎಲ್ಲರ ಮುಂದೆ ನಿಂತು ಬ್ಯಾಂಕಿನಲ್ಲಿ ಏನೇನು ಕೇಳಿದರು ಅಂತ ಅರ್ಧ ಗಂಟೆ ಹೇಳಿದಳು.

ಈಗ ಇದರ ಕೊರತೆಯನ್ನೂ ಹೇಳಬೇಕು. ಎನ್‌ಎಸ್‌ಎಸ್ ನಿಂತಿರುವುದು ಕಾರ್ಯಕ್ರಮಾಧಿಕಾರಿಯ ಮೇಲೆ. ಅವರಿಗೆ ಮನಸ್ಸಿದ್ದರೆ ಮೇಲೆ ಹೇಳಿದಂತೆ ನಡೆಯುತ್ತದೆ. ಇಲ್ಲದಿದ್ದರೆ ಪೊರಕೆ ಹಿಡಿದು ಸಾಲಾಗಿ ನಿಂತು ಫೋಟೊ, ಬ್ಯಾನರ್, ಮುಗಿಯಿತು. ನನಗೆ ಇದು ನೋವಿನ ವಿಷಯ, ಆದರೆ ಇದೆ. ಸೇರುವ ಮೊದಲು ಸೀನಿಯರ್‌ಗಳನ್ನು ಎರಡೇ ಪ್ರಶ್ನೆ ಕೇಳಿ. ಹೋದ ವರ್ಷ ಶಿಬಿರ ಯಾವ ಊರಲ್ಲಿ ಆಯಿತು? ಆ ಊರಿನಲ್ಲಿ ನಿಮಗೆ ಯಾರ ಹೆಸರು ನೆನಪಿದೆ? ಎರಡನೆಯದಕ್ಕೆ ಉತ್ತರ ಬಂದರೆ ಧೈರ್ಯವಾಗಿ ಸೇರಿ. ಇನ್ನೊಂದು, ಒಂದು ಘಟಕದಲ್ಲಿ ಸಾಮಾನ್ಯವಾಗಿ 100 ಮಂದಿ ಇರುತ್ತಾರೆ, ಶಿಬಿರಕ್ಕೆ ಅದರಲ್ಲಿ ಅರ್ಧ ಜನ ಮಾತ್ರ. ಹೆಸರು ಮೊದಲೇ ಕೊಡಿ.

ಎನ್‌ಸಿಸಿ, ಎನ್‌ಎಸ್‌ಎಸ್ ಎರಡಕ್ಕೂ ಒಟ್ಟಿಗೆ ಸೇರುವ ಹಾಗಿಲ್ಲ. ಒಂದನ್ನು ಬಿಡಲೇಬೇಕು. ಸೇನೆ, ಪೊಲೀಸ್ ಕಡೆ ಮನಸ್ಸಿದ್ದರೆ ಎನ್‌ಸಿಸಿ. ಸೋಷಿಯಲ್ ವರ್ಕ್, ಮೇಷ್ಟ್ರ ಕೆಲಸ, ಜನರ ನಡುವಿನ ಯಾವುದೇ ಕೆಲಸದ ಕಡೆ ಮನಸ್ಸಿದ್ದರೆ ಎನ್‌ಎಸ್‌ಎಸ್.

ನಾಟಕ, ಹಾಡು, ಕುಣಿತ

ಇಲ್ಲಿ ಗುರಿ ಯುವಜನೋತ್ಸವ. ಮೊದಲು ಕಾಲೇಜುಗಳ ನಡುವೆ, ಅಲ್ಲಿ ಗೆದ್ದವರು ವಿಶ್ವವಿದ್ಯಾನಿಲಯದ ತಂಡವಾಗಿ ದಕ್ಷಿಣ ವಲಯಕ್ಕೆ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ. ಮೇಲಿನ ಹಂತಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ, ಎಐಯು. ಏಕಾಂಕ ನಾಟಕಕ್ಕೆ 30 ನಿಮಿಷ, ಸ್ಕಿಟ್‌ಗೆ 10, ಮೂಕಾಭಿನಯಕ್ಕೆ 5. ಭಾಷಣ, ಚರ್ಚೆ, ಕ್ವಿಜ್, ರಂಗೋಲಿ, ಕಾರ್ಟೂನ್, ಮಣ್ಣಿನ ಶಿಲ್ಪ, ಇವೂ ಇದರೊಳಗೇ ಬರುತ್ತವೆ. ರಂಗೋಲಿ ಚೆನ್ನಾಗಿ ಹಾಕುವ ಎಷ್ಟೋ ಹುಡುಗಿಯರಿಗೆ ಅದೊಂದು ಸ್ಪರ್ಧೆ ಅನ್ನೋದೇ ಗೊತ್ತಿರುವುದಿಲ್ಲ. ರಂಗೋಲಿಗೆ ತಿಂಗಳುಗಟ್ಟಲೆ ರಿಹರ್ಸಲ್ ಬೇಡ, ಕೊನೆ ಬಸ್ಸಿನ ಭಯವಿಲ್ಲ. ದಯವಿಟ್ಟು ಹೆಸರು ಕೊಡಿ.

ನಾಟಕ ಮಾತ್ರ ಸಮಯ ತಿನ್ನುತ್ತದೆ. ಸಂಜೆ ನಾಲ್ಕರಿಂದ ಏಳು, ಒಂದು ತಿಂಗಳು. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲು, ಬಾವಿ, ಕಟ್ಟೆ ಅಂತ ಗುರುತು ಹಾಕಿಕೊಳ್ಳುತ್ತಾರೆ. ಒಂದು ಮಾತನ್ನು ನಲವತ್ತು ಸಲ ಹೇಳಬೇಕು. ನಿಮ್ಮ ಪಾತ್ರ ಬರುವವರೆಗೆ ಸುಮ್ನೆ ಎರಡು ಗಂಟೆ ಕೂರಬೇಕು. ಹೊಸಬರನ್ನು ಓಡಿಸುವುದು ಈ ಕೂರುವ ಕೆಲಸವೇ. ನಾನು ಮೊದಲ ವರ್ಷ ವೇದಿಕೆ ಹತ್ತಲೇ ಇಲ್ಲ, ಪರದೆ ಎಳೆದೆ, ಬಟ್ಟೆ ಇಸ್ತ್ರಿ ಮಾಡಿದೆ. ಆದರೆ ಆ ವರ್ಷ ಪಕ್ಕದಲ್ಲಿ ಕೂತು ಕೇಳಿದ ಕನ್ನಡ ಇವತ್ತಿಗೂ ನನ್ನ ಕ್ಲಾಸಿನಲ್ಲಿ ಬಾಯಿಗೆ ಬರುತ್ತದೆ. ಕೊನೆ ಬೆಂಚಿಗೆ ಕೇಳುವ ಹಾಗೆ ಉಸಿರು ಹಿಡಿದು ಮಾತಾಡೋದನ್ನು ಕಲಿತದ್ದೂ ಅಲ್ಲೇ.

ಮೈಸೂರಿನಲ್ಲಿ ಓದುವವರಿಗೆ ಒಂದು ಅನುಕೂಲ ಇದೆ. 1989ರಿಂದ ಇಲ್ಲಿ ರಂಗಾಯಣ ಅನ್ನುವ ನಾಟಕ ಸಂಸ್ಥೆ ಇದೆ. ಒಳ್ಳೆಯ ಹವ್ಯಾಸಿ ತಂಡಗಳಿವೆ. ನಿಮ್ಮ ಕಾಲೇಜಿನಲ್ಲಿ ನಾಟಕ ಆಡಿಸುವವರಿಲ್ಲ ಅಂದರೆ ಹೊರಗೆ ಕಲಿಯಬಹುದು. ಶಿವಮೊಗ್ಗದ ಕಡೆಯವರಿಗೆ ಹೆಗ್ಗೋಡಿನ ನೀನಾಸಂ ಇದೆ. ಕಾಲೇಜಿನ ನೋಟಿಸ್ ಬೋರ್ಡೇ ಕೊನೆ ಅಲ್ಲ.

ಕುಣಿತದವರಿಗೆ ನಮ್ಮಲ್ಲಿ ಯುವ ಸಂಭ್ರಮ. ದಸರೆಗೆ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುತ್ತದೆ. ಬೇರೆ ಬೇರೆ ಊರಿನ ಕಾಲೇಜು ತಂಡಗಳು ಒಂದೊಂದು ವಿಷಯ ಹಿಡಿದು ಕುಣಿಯುತ್ತವೆ. ಇದರ ಒಳ್ಳೆಯ ಗುಣ, ತಂಡ ದೊಡ್ಡದು. ಮೊದಲ ಸಲ ವೇದಿಕೆ ಹತ್ತುವವರು ಮೂವತ್ತು ಜನರ ನಡುವೆ ಇರುತ್ತಾರೆ, ಭಯ ಹೋಗುತ್ತದೆ. ತಯಾರಿ ಕೆಲವೇ ವಾರ. ಖರ್ಚು ಇರುವುದು ಬಟ್ಟೆಗೆ. ಬಾಡಿಗೆ ಬಟ್ಟೆಯನ್ನು ಕಾಲೇಜು ಭರಿಸುತ್ತದಾ, ನೀವೇ ಹಾಕಿಕೊಳ್ಳಬೇಕಾ ಅಂತ ಮೊದಲ ಮೀಟಿಂಗಿನಲ್ಲೇ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ನೀವು ಕೇಳಿದರೆ ಸುಮ್ಮನಿರುವ ಇನ್ನೂ ಹತ್ತು ಮಂದಿಗೆ ಉಪಕಾರ.

ಫೆಸ್ಟ್ ಕಮಿಟಿ

ಸುರತ್ಕಲ್ಲಿನ ಎನ್‌ಐಟಿಕೆಯ ಇನ್ಸಿಡೆಂಟ್, ಮಣಿಪಾಲದ ರೆವೆಲ್ಸ್ ಥರದ ದೊಡ್ಡ ಫೆಸ್ಟ್‌ಗಳನ್ನು ನೋಡಿ ಈಗ ಬಿಬಿಎ, ಬಿಕಾಂ, ಬಿಸಿಎ ವಿಭಾಗಗಳೂ ತಮ್ಮ ಮಟ್ಟದಲ್ಲಿ ಫೆಸ್ಟ್ ಮಾಡುತ್ತವೆ. ಭಾಗವಹಿಸೋದು ಬೇರೆ, ಕಮಿಟಿಯಲ್ಲಿ ಕೆಲಸ ಮಾಡೋದು ಬೇರೆ. ಕಲಿಯಲು ಸಿಗುವುದು ಕಮಿಟಿಯಲ್ಲಿ. ಅಂಗಡಿ ಅಂಗಡಿ ಸುತ್ತಿ ಸ್ಪಾನ್ಸರ್ ಕೇಳಬೇಕು. ಹತ್ತರಲ್ಲಿ ಎಂಟು ಕಡೆ ಇಲ್ಲ ಅನ್ನುತ್ತಾರೆ. ಶಾಮಿಯಾನದವರ ಹತ್ತಿರ ಚೌಕಾಸಿ, ರಸೀದಿ, ಲೆಕ್ಕದ ಪುಸ್ತಕ. ಮಾರ್ಕೆಟಿಂಗ್, ಇವೆಂಟ್ ಕೆಲಸಕ್ಕೆ ಹೋಗುವವರಿಗೆ ಸಂದರ್ಶನದಲ್ಲಿ ಹೇಳಿಕೊಳ್ಳಲು ನಿಜವಾದ ಅನುಭವ. ವರ್ಷವಿಡೀ ಬರಬೇಕಿಲ್ಲ, ಒಂದೂವರೆ ತಿಂಗಳ ಕೆಲಸ. ಆದರೆ ಆ ಒಂದೂವರೆ ತಿಂಗಳು ಪೂರ್ತಿ ಹೋಗುತ್ತದೆ.

ದುಡ್ಡಿನ ವಿಷಯದಲ್ಲಿ ಮಾತ್ರ ಎಚ್ಚರ. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ಕೊನೆ ಗಳಿಗೆಯಲ್ಲಿ ಸ್ಪಾನ್ಸರ್ ಕೈಕೊಟ್ಟರು. ಮೈಕ್ ಸೆಟ್ಟಿನವರಿಗೆ ಕೊಡಬೇಕಾದ ಹಣವನ್ನು ಕಮಿಟಿಯ ಹುಡುಗನೊಬ್ಬ ತನ್ನ ಅಕ್ಕನ ಹತ್ತಿರ ಸಾಲ ತಂದು ಕೊಟ್ಟ. ಅದು ಅವನಿಗೆ ವಾಪಸ್ ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ, ಅದೂ ನಾವು ಕೆಲವರು ಹಿಂದೆ ಬಿದ್ದು ಕೇಳಿದ್ದಕ್ಕೆ. ನಿಮ್ಮ ಕೈಯಿಂದ ಒಂದು ರೂಪಾಯಿಯನ್ನೂ ಹಾಕಬೇಡಿ. ಪ್ರತಿ ಖರ್ಚಿಗೂ ಮೇಷ್ಟ್ರ ಸಹಿ ತೆಗೆದುಕೊಳ್ಳಿ. ಇದು ಕಠಿಣ ಅನ್ನಿಸಬಹುದು, ಆದರೆ ಲೆಕ್ಕ ಇಡುವುದೂ ಆ ಕಲಿಕೆಯ ಭಾಗವೇ ಅಲ್ವಾ?

ಆಟ

ಶಾಲೆಯಿಂದ ಆಡುತ್ತಾ ಬಂದವರಿಗೆ ನಾನು ಬೇರೆ ಏನನ್ನೂ ಹೇಳುವುದಿಲ್ಲ. ಆಡಿ. ಬಿಡಬೇಡಿ. ಅಂತರ ಕಾಲೇಜು ಪಂದ್ಯದಿಂದ ವಿಶ್ವವಿದ್ಯಾನಿಲಯ ತಂಡ, ಅಲ್ಲಿಂದ ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ ಮಟ್ಟ. ಅದರ ಮೇಲೆ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್. 2022ರಲ್ಲಿ ಅದು ಬೆಂಗಳೂರಿನಲ್ಲೇ ನಡೆಯಿತು. ಪಿಜಿ ಸೀಟು, ಕೆಲಸ ಎರಡರಲ್ಲೂ ಕ್ರೀಡಾ ಕೋಟಾ ಇರುವ ಕಡೆ ಈ ಸರ್ಟಿಫಿಕೇಟ್‌ಗಳು ನಡೆಯುತ್ತವೆ.

ಡಿಗ್ರಿಗೆ ಬಂದು ಹೊಸದಾಗಿ ಶುರು ಮಾಡುವವರು ತಂಡಕ್ಕೆ ಆಯ್ಕೆಯಾಗುವುದು ಅಪರೂಪ. ಆದರೂ ಬೆಳಗ್ಗೆ ಮೈದಾನಕ್ಕೆ ಹೋಗಿ ಆಡೋದನ್ನು ಯಾರೂ ತಡೆಯುವುದಿಲ್ಲ. ಖರ್ಚು ಆಟದ ಮೇಲೆ ನಿಂತಿದೆ. ಖೋ-ಖೋ, ಕಬಡ್ಡಿಗೆ ಹೆಚ್ಚೇನೂ ಬೇಡ. ಷಟಲ್, ಕ್ರಿಕೆಟ್ ದುಬಾರಿ. ಎಲ್ಲಕ್ಕಿಂತ ದೊಡ್ಡ ಖರ್ಚು ಊಟ. ದಿನಾ ಎರಡು ಗಂಟೆ ಆಡುವವರಿಗೆ ಹಾಸ್ಟೆಲ್ ಅನ್ನ-ಸಾರು ಸಾಲುವುದಿಲ್ಲ. ಮೊಟ್ಟೆ, ಬಾಳೆಹಣ್ಣು, ಕಡಲೆಬೀಜಕ್ಕೆ ಅಂತ ತಿಂಗಳಿಗೆ ಇಷ್ಟು ಎತ್ತಿಡಲೇಬೇಕು.

ಕಡಿಮೆ ಸಮಯ ಇರುವವರಿಗೆ

ಯೂತ್ ರೆಡ್‌ಕ್ರಾಸ್‌ನಲ್ಲಿ ಪ್ರಥಮ ಚಿಕಿತ್ಸೆ, ರಕ್ತದಾನ ಶಿಬಿರ. ವರ್ಷಕ್ಕೆ ಕೆಲವೇ ದಿನ. ರಕ್ತ ಕೊಡಲು 18 ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಬಿಡುವು. ಬೆಳಗ್ಗೆ ತಿಂಡಿ ತಿನ್ನದೆ ಬಂದು ತಲೆ ಸುತ್ತಿ ಬೀಳುವವರು ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರುತ್ತಾರೆ, ತಿಂದು ಬನ್ನಿ. ಶಾಲೆಯಲ್ಲಿ ಸ್ಕೌಟ್, ಗೈಡ್ ಆಗಿದ್ದವರಿಗೆ ರೋವರ್ಸ್ ಮತ್ತು ರೇಂಜರ್ಸ್ ಸಹಜವಾದ ಮುಂದಿನ ಹೆಜ್ಜೆ.

ಕನ್ನಡ ಸಂಘವನ್ನು ಮಾತ್ರ ಹಗುರವಾಗಿ ನೋಡಬೇಡಿ. ನವೆಂಬರ್ ಒಂದಕ್ಕೆ ಬಾವುಟ ಹಾರಿಸೋದು, ಸಿಹಿ ಹಂಚೋದು ಇಷ್ಟೇ ಅಂತ ಮಕ್ಕಳು ಅಂದುಕೊಂಡಿದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದಲೇ ಎ.ಆರ್. ಕೃಷ್ಣಶಾಸ್ತ್ರಿಗಳು ನೂರು ವರ್ಷಕ್ಕೂ ಹಿಂದೆ ಪ್ರಬುದ್ಧ ಕರ್ನಾಟಕ ಪತ್ರಿಕೆ ಹೊರಡಿಸಿದ್ದು. ಆಮೇಲೆ ಅದು ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ಕಾಲೇಜು ಹುಡುಗರು, ಮೇಷ್ಟ್ರು ಕೂಡಿ ಮಾಡಿದ ಕೆಲಸ ಅದು. ನೀವು ಗೋಡೆ ಪತ್ರಿಕೆಯಿಂದ ಶುರು ಮಾಡಬಹುದು. ಒಂದು ಡ್ರಾಯಿಂಗ್ ಶೀಟು, ಎರಡು ಸ್ಕೆಚ್ ಪೆನ್ನು. ಬರೆಯುವುದನ್ನು ಬಸ್ಸಿನಲ್ಲೇ ಬರೆಯಬಹುದು. ಸಂಜೆ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಓದುವವರಿಗೆ, ಮನೆಯಲ್ಲಿ ಹಸು ಕರೆಯೋದಕ್ಕೆ ಹೋಗಲೇಬೇಕಾದವರಿಗೆ ಇದಕ್ಕಿಂತ ಒಗ್ಗುವುದು ಬೇರೆ ಇಲ್ಲ. ಬರೆದದ್ದನ್ನು ಹತ್ತು ಜನ ನಿಂತು ಓದುವುದನ್ನು ದೂರದಿಂದ ನೋಡುವ ಸುಖ ಒಮ್ಮೆ ಗೊತ್ತಾದರೆ ಸಾಕು.

ಹಾಗಾದರೆ ಯಾರಿಗೆ ಯಾವುದು

ಹಾಸ್ಟೆಲ್ಲಿನಲ್ಲಿ ಇರುವವರಿಗೆ ಸಂಜೆ ನಿಮ್ಮದೇ. ನಾಟಕ, ಆಟ, ಎನ್‌ಸಿಸಿ ಮೂರರಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿಯಿರಿ. ಮೂರನ್ನೂ ಹಿಡಿಯಲು ಹೋಗಬೇಡಿ.

ಹಳ್ಳಿಯಿಂದ ದಿನಾ ಓಡಾಡುವವರಿಗೆ ಎನ್‌ಎಸ್‌ಎಸ್, ಜೊತೆಗೆ ಗೋಡೆ ಪತ್ರಿಕೆ ಅಥವಾ ರಂಗೋಲಿ, ಭಾಷಣದಂಥ ಒಂದು ದಿನದ ಸ್ಪರ್ಧೆ. ಬೆಳಗ್ಗೆ ಮೊದಲ ಬಸ್ಸು ಬೇಗ ಇದ್ದರೆ ಎನ್‌ಸಿಸಿಯೂ ಆಗುತ್ತದೆ, ಪರೇಡಿನ ವೇಳೆ ಕೇಳಿ ನೋಡಿ.

ದುಡ್ಡು ಬಹಳ ಬಿಗಿ ಇದ್ದರೆ ಎನ್‌ಸಿಸಿ, ಎನ್‌ಎಸ್‌ಎಸ್ ಎರಡೂ ನಿಮ್ಮ ಕೈ ಕಚ್ಚುವುದಿಲ್ಲ. ಫೆಸ್ಟ್ ಮತ್ತು ಡ್ಯಾನ್ಸ್ ತಂಡದಲ್ಲಿ ಖರ್ಚು ಕೇಳಿ ಸೇರಿ.

ಎರಡು ವರ್ಷದ ಎಂಎ, ಎಂಎಸ್ಸಿಗೆ ಬಂದವರಿಗೆ ಎನ್‌ಸಿಸಿ ಹೊಸದಾಗಿ ಶುರು ಮಾಡುವ ಹೊತ್ತು ಅಲ್ಲ. ನಿಮಗೆ ಯುವಜನೋತ್ಸವ ಸರಿ, ಆದರೆ ವಯಸ್ಸು 25 ದಾಟಿರಬಾರದು ಅನ್ನೋದು ನೆನಪಿರಲಿ. ಮಾನಸಗಂಗೋತ್ರಿಯಲ್ಲಿ ಒಂದಲ್ಲ ಒಂದು ವಿಭಾಗದಲ್ಲಿ ಉಪನ್ಯಾಸ, ವಿಚಾರ ಸಂಕಿರಣ ನಡೆಯುತ್ತಲೇ ಇರುತ್ತದೆ. ನಿಮ್ಮ ವಿಷಯದ್ದೇ ಆಗಬೇಕಿಲ್ಲ, ಹೋಗಿ ಕೂತು ಕೇಳಿ.

ಮಾತಾಡಲು ಭಯ, ನಾಲ್ಕು ಜನರ ಮುಂದೆ ನಿಲ್ಲೋಕೆ ಆಗಲ್ಲ ಅನ್ನುವವರು ನೇರವಾಗಿ ಭಾಷಣ ಸ್ಪರ್ಧೆಗೆ ಹೋಗಬೇಡಿ. ಮೊದಲು ಶಿಬಿರಕ್ಕೆ ಹೋಗಿ. ಇಲ್ಲವೇ ನಾಟಕದಲ್ಲಿ ಪರದೆ ಎಳೆಯಿರಿ. ಕೆಲಸ ಕೈಯಲ್ಲಿದ್ದಾಗ ಮಾತು ತಾನೇ ಬರುತ್ತದೆ.

ಹೆಸರು ಕೊಡುವ ಮೊದಲು ಒಂದು ಮಾಮೂಲಿ ದಿನ ಹೋಗಿ ದೂರದಲ್ಲಿ ನಿಂತು ನೋಡಿ. ಪರೇಡಾಗಲಿ, ರಿಹರ್ಸಲ್ ಆಗಲಿ, ಯಾರೂ ಬೇಡ ಅನ್ನುವುದಿಲ್ಲ. ಆಮೇಲೆ ಇಬ್ಬರನ್ನು ಮಾತಾಡಿಸಿ. ಒಬ್ಬರು ಅದರಲ್ಲಿ ಮೂರನೇ ವರ್ಷ ಇರುವವರು, ಇನ್ನೊಬ್ಬರು ಅದನ್ನು ನಡುವೆ ಬಿಟ್ಟವರು. ಬಿಟ್ಟವರು ಯಾಕೆ ಬಿಟ್ಟರು ಅನ್ನೋದರಲ್ಲಿ ನಿಮಗೆ ಬೇಕಾದ ಉತ್ತರ ಅರ್ಧ ಸಿಗುತ್ತದೆ.

ಬರುವಾಗ ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ತನ್ನಿ. ಎನ್‌ಸಿಸಿ ಆಯ್ಕೆಗಾದರೆ ಚಪ್ಪಲಿಯಲ್ಲಿ ಬರಬೇಡಿ, ಓಡಿಸುತ್ತಾರೆ. ಶೂ ಇಲ್ಲದಿದ್ದರೆ ಹಿಂದಿನ ದಿನವೇ ಸೀನಿಯರ್‌ಗಳನ್ನು ಕೇಳಿ, ನಿಮ್ಮ ಅಳತೆಯದ್ದು ಯಾರ ಹತ್ತಿರವಾದರೂ ಇರುತ್ತದೆ.